ಸೋಗಾನೆಯಲ್ಲಿ ವಿಮಾನ ಇಳಿಸೋಕೆ ಎಂಥ ಕಂಪ್ಯೂಟರ್ ಬೇಕು?

ಹೋದ ಜುಲೈನಲ್ಲಿ ಒಂದು ಸಂಜೆ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಆಚೆಯಿಂದಲೇ ಕೂಗಿದರು. “ಸ್ವಲ್ಪ ಬಂದು ನೋಡು ಮಾರಾಯ. ಅಷ್ಟು ದುಡ್ಡು ಸುರಿದು ಲ್ಯಾಪ್‌ಟಾಪ್ ತಂದಿದ್ದೀವಿ. ಇವನ ವಿಮಾನ ನೋಡಿದ್ರೆ ಎತ್ತಿನಗಾಡಿ ಥರ ಕುಲುಕ್ತಾ ಹೋಗ್ತಿದೆ.”

ಮಗ ಪಿಯುಸಿ ಓದುತ್ತಿದ್ದಾನೆ. ಪೈಲಟ್ ಆಗುವ ಹುಚ್ಚು. ಹೋಗಿ ಪರದೆ ನೋಡಿದೆ. ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ. ಚಿತ್ರವೇನೋ ಭರ್ಜರಿಯಾಗಿತ್ತು. ತುಂಗೆಯ ಮೇಲೆ ಕರಿಮೋಡ, ಗಾಜಿನ ಮೇಲೆ ಜಾರುವ ಮಳೆಹನಿ, ರೆಕ್ಕೆಯಲ್ಲಿ ದೀಪದ ಹೊಳಪು. ಆದರೆ ರನ್‌ವೇ ಹತ್ತಿರ ಬರುತ್ತಿದ್ದಂತೆ ಚಿತ್ರ ಒಂದು ಕ್ಷಣ ನಿಂತಿತು. ಆಮೇಲೆ ಎಗರಿತು. ಮತ್ತೆ ನಿಂತಿತು. ಮೂರನೇ ಸಲ ಎಗರುವ ಹೊತ್ತಿಗೆ ಚಕ್ರ ನೆಲಕ್ಕೆ ಬಡಿದು ಆಟ ಮುಗಿದಿತ್ತು.

“ನಾನು ಸರಿಯಾಗೇ ಎಳೆದೆ ಮಾಮ. ಅದು ಕೇಳಲೇ ಇಲ್ಲ” ಅಂದ ಹುಡುಗ.

ಅವನು ಹೇಳಿದ್ದು ನಿಜ. ತಪ್ಪು ಅವನದಲ್ಲ, ಲ್ಯಾಪ್‌ಟಾಪಿನದೂ ಅಲ್ಲ. ಚಿತ್ರದ ಎಲ್ಲ ಸೆಟ್ಟಿಂಗನ್ನೂ ‘ಅಲ್ಟ್ರಾ’ಕ್ಕೆ, ಅಂದರೆ ತುತ್ತತುದಿಗೆ, ಎಳೆದು ಕೂತಿದ್ದ, ಅಷ್ಟೇ. 2023ರ ಫೆಬ್ರವರಿ 27ರಂದು ಶಿವಮೊಗ್ಗ ಹತ್ತಿರದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದ ಉದ್ಘಾಟನೆ ಆಯಿತು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿಂದೀಚೆಗೆ ನಮ್ಮ ಕಡೆ ಇಂಥ ಹುಡುಗ ಹುಡುಗಿಯರು ಜಾಸ್ತಿಯಾಗಿದ್ದಾರೆ. ಅವರ ಅಪ್ಪ ಅಮ್ಮಂದಿರ ಪ್ರಶ್ನೆ ಒಂದೇ: ಎಂಥ ಕಂಪ್ಯೂಟರ್ ತರಬೇಕು? ಉತ್ತರ ಹೇಳುವ ಮೊದಲು ಈ ಯಂತ್ರದೊಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

## ಹಾರ್ಮೋನಿಯಂ ತಿದಿಯಿಂದ ಶುರುವಾದದ್ದು

ಫ್ಲೈಟ್ ಸಿಮ್ಯುಲೇಟರ್ ಅಂದರೆ ವಿಮಾನವಿಲ್ಲದೆ ವಿಮಾನ ಹಾರಿಸುವ ಅಭ್ಯಾಸ ಕೊಡುವ ಸಾಧನ. ನೀವು ಕಡ್ಡಿ ಎಳೆದರೆ ನಿಜವಾದ ವಿಮಾನ ಏನು ಮಾಡುತ್ತಿತ್ತೋ ಅದನ್ನು ಲೆಕ್ಕ ಹಾಕಿ ತೋರಿಸುತ್ತದೆ.

ಇದು ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರ ಹೊತ್ತಿಗೆ ಮರದ ಪುಟ್ಟ ವಿಮಾನವೊಂದನ್ನು ಮಾಡಿದ. ಅವನ ಅಪ್ಪನದು ಆರ್ಗನ್ ಮತ್ತು ಪಿಯಾನೋ ಮಾಡುವ ಕಾರ್ಖಾನೆ. ಹಾಗಾಗಿ ವಿಮಾನವನ್ನು ಆಚೀಚೆ ವಾಲಿಸಲು ಅವನು ಬಳಸಿದ್ದು ಗಾಳಿ ತುಂಬುವ ತಿದಿಗಳನ್ನು. ನಮ್ಮ ಭಜನೆಯ ಹಾರ್ಮೋನಿಯಂನಲ್ಲಿ ಇರುತ್ತದಲ್ಲ, ಅಂಥದ್ದೇ. 1934ರಲ್ಲಿ ಅಮೆರಿಕದ ಸೇನೆಗೆ ಟಪಾಲು ಸಾಗಿಸುವ ಕೆಲಸ ಬಿತ್ತು. ಕೆಟ್ಟ ಹವೆಯಲ್ಲಿ ಹಲವು ಪೈಲಟ್‌ಗಳು ಸತ್ತರು. ಆಗ ಸೇನೆ ಈ ಯಂತ್ರಗಳನ್ನು ಕೊಂಡಿತು. ಪೈಲಟ್‌ನನ್ನು ಒಳಗೆ ಕೂರಿಸಿ ಮುಚ್ಚಳ ಹಾಕುತ್ತಿದ್ದರು. ಹೊರಗೆ ನೋಡಲು ಕಿಟಕಿಯೂ ಇಲ್ಲ, ಚಿತ್ರವೂ ಇಲ್ಲ. ಎದುರಿನ ಮೀಟರ್ ನೋಡಿಕೊಂಡೇ ಹಾರಿಸಬೇಕು.

ಇದನ್ನು ನೆನಪಿಟ್ಟುಕೊಳ್ಳಿ. ಸಾವಿರಾರು ಪೈಲಟ್‌ಗಳನ್ನು ತಯಾರು ಮಾಡಿದ ಆ ಯಂತ್ರದಲ್ಲಿ ಗ್ರಾಫಿಕ್ಸ್ ಅನ್ನುವುದೇ ಇರಲಿಲ್ಲ.

ಮನೆಯ ಕಂಪ್ಯೂಟರಿಗೆ ಇದನ್ನು ತಂದವನು ಬ್ರೂಸ್ ಆರ್ಟ್‌ವಿಕ್. ಅವನು ಆಪಲ್ 2 ಕಂಪ್ಯೂಟರಿಗೆ ಬರೆದ ಪ್ರೋಗ್ರಾಮಿನಲ್ಲಿ ಬರೀ ಗೆರೆಗಳಿದ್ದವು. ಅದೇ ಮುಂದೆ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಯಿತು. ಇವತ್ತು ಮನೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಮೂರು: ಮೈಕ್ರೋಸಾಫ್ಟಿನದು, ಎಕ್ಸ್-ಪ್ಲೇನ್ ಮತ್ತು ಪುಕ್ಕಟೆ ಸಿಗುವ ಫ್ಲೈಟ್‌ಗಿಯರ್. ವಿಮಾನ ಕಂಪನಿಗಳು ತರಬೇತಿಗೆ ಬಳಸುವ, ಆರು ಕಾಲಿನ ಮೇಲೆ ಅಲುಗಾಡುವ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಬೇರೆ. ಮನೆಯಲ್ಲಿ ಹಾರಿಸಿದ ಗಂಟೆಗಳು ಪೈಲಟ್ ಲಾಗ್‌ಬುಕ್ಕಿಗೆ ಸೇರುವುದಿಲ್ಲ. ಇದನ್ನು ಆ ಅಕ್ಕನಿಗೆ ಮೊದಲೇ ಹೇಳಿದೆ.

## ‘ನಿಜದ ಹಾಗೆ’ ಅಂದರೆ ಯಾವ ನಿಜ?

ಅಂಗಡಿಯಲ್ಲಿ, ಜಾಹೀರಾತಿನಲ್ಲಿ ‘ನಿಜದ ಹಾಗೇ ಇದೆ’ ಅನ್ನುತ್ತಾರೆ. ಇದರಲ್ಲಿ ಮೂರು ಬೇರೆ ಬೇರೆ ಸಂಗತಿ ಸೇರಿಕೊಂಡಿವೆ. ವಿಮಾನ ನಿಜದ ಹಾಗೆ ವರ್ತಿಸುತ್ತದೆಯೇ? ಹೊರಗಿನ ನೋಟ ನಿಜದ ಹಾಗೆ ಕಾಣುತ್ತದೆಯೇ? ಕೈ ಮಾಡಿದ್ದಕ್ಕೆ ಕಣ್ಣಿಗೆ ಉತ್ತರ ತಡವಿಲ್ಲದೆ ಸಿಗುತ್ತದೆಯೇ? ಒಂದು ಚೆನ್ನಾಗಿದ್ದರೆ ಇನ್ನೊಂದೂ ಚೆನ್ನಾಗಿರಬೇಕು ಅಂತೇನಿಲ್ಲ.

ಮೊದಲು ವರ್ತನೆ. ಶಿವಮೊಗ್ಗ ಸಮುದ್ರಮಟ್ಟದಿಂದ 1,800 ಅಡಿಗೂ ಮೇಲಿದೆ. ಮಂಗಳೂರಿನ ಕಡಲತೀರಕ್ಕಿಂತ ಇಲ್ಲಿನ ಗಾಳಿ ಸ್ವಲ್ಪ ತೆಳು. ಏಪ್ರಿಲ್ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್‌ಗೆ ಬಲ ಕಡಿಮೆ. ಸಣ್ಣ ವಿಮಾನ ಮೇಲೇಳಲು ಇನ್ನಷ್ಟು ದೂರ ಓಡಬೇಕು. ಒಳ್ಳೆಯ ಸಿಮ್ಯುಲೇಟರಿನಲ್ಲಿ ಈ ವ್ಯತ್ಯಾಸ ಸಿಗುತ್ತದೆ. ಅದಕ್ಕೂ ಪರದೆಯ ಮೇಲಿನ ಮರಗಿಡಕ್ಕೂ ಸಂಬಂಧವೇ ಇಲ್ಲ.

ಈ ವರ್ತನೆಯನ್ನು ಲೆಕ್ಕ ಹಾಕುವ ದಾರಿ ಎರಡು. ಒಂದು, ಕೋಷ್ಟಕ ನೋಡುವುದು. ಅಡಿಕೆ ಮಂಡಿಯಲ್ಲಿ ತೂಕ ಮತ್ತು ದರ ಗೊತ್ತಿದ್ದರೆ ರೆಡಿ ರೆಕನರ್ ಪುಸ್ತಕ ತೆರೆದು ಮೊತ್ತ ಓದುತ್ತಿದ್ದರು. ಹಾಗೆಯೇ ಇಷ್ಟು ವೇಗ, ಇಷ್ಟು ಕೋನಕ್ಕೆ ಇಷ್ಟು ಬಲ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಇನ್ನೊಂದು, ಆಗಿಂದಾಗ ಲೆಕ್ಕ ಮಾಡುವುದು. ಎಕ್ಸ್-ಪ್ಲೇನ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನ ಮೇಲೂ ಗಾಳಿ ಎಷ್ಟು ಒತ್ತುತ್ತದೆ ಅಂತ ನೋಡಿ ಕೂಡಿಸುತ್ತದೆ. ಮೈಕ್ರೋಸಾಫ್ಟಿನ ಹಳೆಯ ಆವೃತ್ತಿಗಳು ಇಡೀ ವಿಮಾನವನ್ನು ಒಂದೇ ಬಿಂದುವಿನ ಹಾಗೆ ನೋಡುತ್ತಿದ್ದವು. 2020ರ ಆವೃತ್ತಿ ಮೈತುಂಬ ಸಾವಿರಕ್ಕೂ ಹೆಚ್ಚು ಕಡೆ ಲೆಕ್ಕ ಹಾಕುತ್ತದೆ. ಇಷ್ಟೆಲ್ಲ ಕೇಳಿದರೆ ದೊಡ್ಡ ಕೆಲಸ ಅನ್ನಿಸುತ್ತದೆ. ಆದರೆ ಚಿತ್ರ ಬರೆಯುವ ಕೆಲಸದ ಎದುರು ಇದು ಏನೇನೂ ಅಲ್ಲ. ನಿಜದ ಹಾಗೆ ಹಾರಬೇಕು ಅನ್ನುವುದಷ್ಟೇ ಆಸೆಯಾದರೆ ಸಾದಾ ಕಂಪ್ಯೂಟರಿನಲ್ಲೂ ದಾರಿ ಇದೆ.

ಇನ್ನು ನೋಟ. ಮೈಕ್ರೋಸಾಫ್ಟಿನದು ಉಪಗ್ರಹ ಮತ್ತು ವಿಮಾನದಿಂದ ತೆಗೆದ ಬಿಂಗ್ ನಕ್ಷೆಯ ಫೋಟೋಗಳನ್ನು ಗುಡ್ಡಬೆಟ್ಟಗಳ ಅಚ್ಚಿನ ಮೇಲೆ ಬಟ್ಟೆ ಹೊದಿಸಿದಂತೆ ಹೊದಿಸುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಸಣ್ಣ ಸೆಸ್ನಾ 172 ವಿಮಾನದಲ್ಲಿ ಸೋಗಾನೆಯಿಂದ ಜೋಗಕ್ಕೆ ನೇರ ಹೋದರೆ ಅರ್ಧ ಗಂಟೆ ಸಾಕು. ಶರಾವತಿ ಕಾಣುತ್ತದೆ, ಲಿಂಗನಮಕ್ಕಿಯ ಹಿನ್ನೀರು ಕಾಣುತ್ತದೆ. ಜೋಗ ಬಂದಾಗ ಮಾತ್ರ ಮುಖ ಸಪ್ಪೆಯಾಗುತ್ತದೆ. ನಾನು ನೋಡಿದಾಗ ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ಸೇರಿ ಬಂಡೆಗೆ ಸುಣ್ಣ ಬಳಿದು ಒರೆಸಿದ ಹಾಗಿತ್ತು.

ಕಾರಣ ಸರಳ. ಫೋಟೋ ತೆಗೆದದ್ದು ಮೇಲಿನಿಂದ. ನೆಟ್ಟಗೆ ನಿಂತ 253 ಮೀಟರ್ ಬಂಡೆ ಮೇಲಿನಿಂದ ನೋಡಿದರೆ ಒಂದು ತೆಳು ಪಟ್ಟಿ. ಆ ಪಟ್ಟಿಯನ್ನೇ ಜಗ್ಗಿ ಜಗ್ಗಿ ಇಡೀ ಬಂಡೆಗೆ ಹೊದಿಸಬೇಕು. ಎಷ್ಟು ಲಕ್ಷದ ಕಂಪ್ಯೂಟರ್ ತಂದರೂ ಫೋಟೋದಲ್ಲಿ ಇಲ್ಲದ್ದು ಬರುವುದಿಲ್ಲ. ಯಾರಾದರೂ ಕೂತು ಜೋಗವನ್ನು ಕೈಯಾರೆ ಮಾಡಿ ಸೇರಿಸಬೇಕು. ಮರಗಳದ್ದೂ ಇದೇ ಕಥೆ. ಹಸಿರು ಕಂಡಲ್ಲಿ ಪ್ರೋಗ್ರಾಮು ಮರ ನೆಡುತ್ತದೆ. ಅದು ಅಡಿಕೆಯೋ ಅಕೇಶಿಯಾವೋ ಅದಕ್ಕೇನು ಗೊತ್ತು? ಫೋಟೋ 2023ಕ್ಕಿಂತ ಹಳೆಯದಾದರೆ ಸೋಗಾನೆಯ 3.2 ಕಿಲೋಮೀಟರ್ ರನ್‌ವೇ ಜಾಗದಲ್ಲಿ ಬರೀ ಬಯಲು. ನಮ್ಮ ಹುಡುಗ ಯಾರೋ ಮಾಡಿಟ್ಟ ಸೋಗಾನೆಯನ್ನು ಇಳಿಸಿಕೊಂಡು ಸೇರಿಸಿಕೊಂಡಿದ್ದ.

ಮೂರನೆಯದು ಕೈ-ಕಣ್ಣಿನ ಹೊಂದಾಣಿಕೆ. ಅವನ ವಿಮಾನ ಬಿದ್ದದ್ದು ಇದರಿಂದಲೇ.

## ಒಂದು ಫ್ರೇಮ್, ಒಂದು ಪಂಕ್ತಿ

ಪರದೆಯ ಮೇಲೆ ಓಡುವುದು ಒಂದಾದ ಮೇಲೊಂದು ಬರುವ ನಿಂತ ಚಿತ್ರಗಳು. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಒಂದೊಂದನ್ನು ಸೆಕೆಂಡಿನ ಸಾವಿರ ಪಾಲಿನಲ್ಲಿ 33 ಪಾಲಿನೊಳಗೆ, ಅಂದರೆ 33 ಮಿಲಿಸೆಕೆಂಡಿನಲ್ಲಿ ಮುಗಿಸಬೇಕು. 60 ಬೇಕಾದರೆ ಸುಮಾರು 17 ಮಿಲಿಸೆಕೆಂಡು. ಸಿನಿಮಾ 24ರಲ್ಲೇ ಚೆನ್ನಾಗಿ ಕಾಣುತ್ತದಲ್ಲ ಅಂತ ಕೇಳಬಹುದು. ಸಿನಿಮಾವನ್ನು ನೀವು ಸುಮ್ನೆ ನೋಡುತ್ತೀರಿ. ಇಲ್ಲಿ ನಿಮ್ಮ ಕೈಯೂ ಕೆಲಸದಲ್ಲಿದೆ.

ಈ 33 ಮಿಲಿಸೆಕೆಂಡಿನೊಳಗೆ ಏನಾಗುತ್ತದೆ ಅಂತ ತಿಳಿಯಲು ಮದುವೆ ಮನೆಯ ಊಟ ನೆನೆಸಿಕೊಳ್ಳಿ. ಒಂದು ಫ್ರೇಮ್ ಅಂದರೆ ಒಂದು ಪಂಕ್ತಿ. ಸಿಪಿಯು ಅಂದರೆ ಅಡುಗೆ ಭಟ್ಟರು. ವಿಮಾನ ಈಗ ಎಲ್ಲಿದೆ, ಗಾಳಿ ಹೇಗಿದೆ, ಯಾವ ಕಟ್ಟಡ ಎಲ್ಲಿರಬೇಕು, ಎಲ್ಲವನ್ನೂ ಲೆಕ್ಕ ಹಾಕಿ ‘ಇದನ್ನು ಬಡಿಸಿ’ ಅನ್ನುವುದು ಅವರ ಕೆಲಸ. ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡು, ಬಡಿಸುವವರ ಪಡೆ. ಒಬ್ಬಿಬ್ಬರಲ್ಲ, ಸಾವಿರಾರು ಮಂದಿ. ಪರದೆಯ ಒಂದೊಂದು ಚುಕ್ಕೆಯೂ ಒಂದೊಂದು ಬಾಳೆಎಲೆ. ಎಲ್ಲ ಎಲೆಗೂ ಬಣ್ಣ ಬಡಿಸಿ ಮುಗಿದರೆ ಒಂದು ಪಂಕ್ತಿ ಎದ್ದಂತೆ.

ಸಾದಾ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಎಲೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ನಾಲ್ಕು ಪಟ್ಟು. ಆದರೆ ಭಟ್ಟರ ಕೆಲಸ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಲೆ ಎಷ್ಟೇ ಇರಲಿ, ಸಾರಿಗೆ ಉಪ್ಪು ಎಷ್ಟು ಅಂತ ಒಂದೇ ಸಲ ನೋಡುವುದು ತಾನೆ?

ಇನ್ನೊಂದು ಮಾತು. ಈಗಿನ ಸಿಪಿಯುನಲ್ಲಿ ಎಂಟು, ಹದಿನಾರು ಕೋರ್ ಇರುತ್ತವೆ. ಭಟ್ಟರಿಗೆ ಅಷ್ಟು ಮಂದಿ ಕೈಯಾಳುಗಳಿದ್ದ ಹಾಗೆ. ತರಕಾರಿ ಹೆಚ್ಚುವುದು, ಕಾಯಿ ತುರಿಯುವುದನ್ನು ಹಂಚಬಹುದು. ಆದರೆ ಒಂದಾದ ಮೇಲೊಂದು ಆಗಲೇಬೇಕಾದ ಕೆಲಸಗಳಿವೆ. ಅದನ್ನು ಹಿರಿಯ ಭಟ್ಟರೊಬ್ಬರೇ ಮಾಡಬೇಕು. ಇದಕ್ಕೆ ಮೇನ್ ಥ್ರೆಡ್ ಅನ್ನುತ್ತಾರೆ. ಫ್ಲೈಟ್ ಸಿಮ್ಯುಲೇಟರುಗಳಲ್ಲಿ ಇವರ ತಲೆಮೇಲೆ ಭಾರ ಜಾಸ್ತಿ. ಅದಕ್ಕೇ ಕೋರ್ ಎಷ್ಟಿದೆ ಅನ್ನುವುದಕ್ಕಿಂತ ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದು ಇಲ್ಲಿ ಮುಖ್ಯ.

ಫೈಲುಗಳನ್ನೆಲ್ಲ ಇಡುವ ಎಸ್‌ಎಸ್‌ಡಿ ಉಗ್ರಾಣ. ರ‍್ಯಾಮ್ ಅಡುಗೆ ಮನೆಯ ಕಟ್ಟೆ, ಸದ್ಯ ಬೇಕಾದ್ದನ್ನು ಕೈಗೆ ಸಿಗುವಂತೆ ಇಡುವ ಜಾಗ. ಗ್ರಾಫಿಕ್ಸ್ ಕಾರ್ಡಿನ ಸ್ವಂತ ನೆನಪು, ಅಂದರೆ ವಿರ‍್ಯಾಮ್, ಪಂಕ್ತಿಯ ಪಕ್ಕದಲ್ಲೇ ಇಟ್ಟ ಮೇಜು. ಮೇಜಿನ ಮೇಲೆ ಪಾತ್ರೆ ಹಿಡಿಸದಿದ್ದರೆ ಬಡಿಸುವವರು ಪ್ರತಿ ಸೌಟಿಗೂ ಅಡುಗೆ ಮನೆಗೆ ಓಡಬೇಕು. ಪಂಕ್ತಿ ಕೈ ತೊಳೆಯದೆ ಕಾದು ಕೂರುತ್ತದೆ. ಪರದೆ ಗಕ್ಕನೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

## ಸರಾಸರಿ ನಂಬಬೇಡಿ

‘ನನ್ನದರಲ್ಲಿ ಸರಾಸರಿ 40 ಬರುತ್ತೆ’ ಅಂತ ಹೇಳುವವರಿದ್ದಾರೆ. ಸರಾಸರಿ ಚೆನ್ನಾಗಿದ್ದೂ ಹಾರಾಟ ಕೆಟ್ಟದಾಗಿರಬಹುದು. ಯಕ್ಷಗಾನದ ಚೆಂಡೆ ನಿಧಾನಲಯದಲ್ಲಿದ್ದರೂ ಕುಣಿಯಬಹುದು. ತಾಳ ತಪ್ಪಿದರೆ ಎಂಥ ಕಲಾವಿದನೂ ಎಡವುತ್ತಾನೆ. ಇದೂ ಹಾಗೆ. 39 ಫ್ರೇಮ್ ಬೇಗ ಬಂದು ಒಂದು ಫ್ರೇಮ್ ಅರ್ಧ ಸೆಕೆಂಡು ತಡೆದರೆ ಕಣ್ಣಿಗೆ ಉಳಿಯುವುದು ಆ ಒಂದೇ.

ಲೆಕ್ಕ ನೋಡಿ. ಸೆಸ್ನಾ ಇಳಿಯುವಾಗ ಅದರ ವೇಗ ಸುಮಾರು 65 ನಾಟ್. ಸೆಕೆಂಡಿಗೆ 33 ಮೀಟರ್. ಸಾಮಾನ್ಯ ಇಳಿಜಾರಿನಲ್ಲಿ ಬರುತ್ತಿದ್ದರೆ ಸೆಕೆಂಡಿಗೆ ಆರು ಅಡಿಯಷ್ಟು ಕೆಳಗಿಳಿಯುತ್ತದೆ. ನೆಲದಿಂದ ಹದಿನೈದಿಪ್ಪತ್ತು ಅಡಿ ಇರುವಾಗ ಮೂತಿಯನ್ನು ಮೆಲ್ಲಗೆ ಎತ್ತಬೇಕು. ಅಲ್ಲಿ ಚಿತ್ರ ಅರ್ಧ ಸೆಕೆಂಡು ನಿಂತರೆ ನಿಮಗೆ ಗೊತ್ತಾಗದೆ ಮೂರು ಅಡಿ ಹೋಯಿತು. ಮೂರು ಸಲ ನಿಂತರೆ ಒಂಬತ್ತು ಅಡಿ. ಹುಡುಗ ಎಳೆದದ್ದು ಸರಿಯಾಗೇ ಇತ್ತು. ಅವನು ನೋಡುತ್ತಿದ್ದ ಚಿತ್ರ ಹಳೆಯದಾಗಿತ್ತು.

ಎಕ್ಸ್-ಪ್ಲೇನ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಫ್ರೇಮ್ ಸೆಕೆಂಡಿಗೆ ಸುಮಾರು 20ಕ್ಕಿಂತ ಕೆಳಗಿಳಿದರೆ ಲೆಕ್ಕ ಹದಗೆಡಬಾರದು ಅಂತ ಅದು ಒಳಗಿನ ಗಡಿಯಾರವನ್ನೇ ನಿಧಾನ ಮಾಡುತ್ತದೆ. ಗೋಡೆ ಗಡಿಯಾರದಲ್ಲಿ ಒಂದು ನಿಮಿಷವಾದರೂ ವಿಮಾನದಲ್ಲಿ ಆಗಿರುವುದಿಲ್ಲ. ಗ್ರಾಫಿಕ್ಸ್ ಅತಿಯಾದರೆ ನಿಜವಾದ ಹಾರಾಟವೂ ಕೆಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಪರದೆಗೂ ಒಂದು ತಾಳ ಇದೆ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಫ್ರೇಮ್ 30 ಇದ್ದರೆ ಒಂದೊಂದು ಚಿತ್ರಕ್ಕೆ ಸರಿಯಾಗಿ ಎರಡೆರಡು ಸಲ. 40 ಇದ್ದರೆ ಒಂದು ಚಿತ್ರ ಒಂದು ಸಲ, ಇನ್ನೊಂದು ಎರಡು ಸಲ. ಲಯ ತಪ್ಪಿ ಕುಲುಕಿದಂತೆ ಕಾಣುತ್ತದೆ. ಅದಕ್ಕೇ ಒಮ್ಮೆ 45, ಒಮ್ಮೆ 33 ಅಂತ ಕುಣಿಯುವ ಕಂಪ್ಯೂಟರನ್ನು 30ಕ್ಕೆ ಕಟ್ಟಿಹಾಕಿದರೆ ನೋಡಲು ಎಷ್ಟೋ ವಾಸಿ. ಸಂಖ್ಯೆ ಕಡಿಮೆಯಾಯಿತಲ್ಲ ಅಂತ ಬೇಜಾರು ಬೇಡ.

## ತಡ ಮಾಡುತ್ತಿರುವವರು ಯಾರು?

ಸರಿ, ಊಟ ತಡವಾಗುತ್ತಿದೆ. ಭಟ್ಟರಿಂದಲೋ ಬಡಿಸುವವರಿಂದಲೋ? ಇದು ಗೊತ್ತಾಗದೆ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಕೈ ಸುಟ್ಟುಕೊಂಡವರು ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬ.

ಪರೀಕ್ಷೆ ಸುಲಭ. ರೆಸಲ್ಯೂಷನ್ ಇಳಿಸಿ ನೋಡಿ, ಅಂದರೆ ಎಲೆಗಳ ಸಂಖ್ಯೆ ಕಡಿಮೆ ಮಾಡಿ. ಫ್ರೇಮ್ ಏರಿದರೆ ತಡವಾಗುತ್ತಿದ್ದದ್ದು ಬಡಿಸುವವರಿಂದ. ಏರದಿದ್ದರೆ ಅವರು ಸೌಟು ಹಿಡಿದು ಸುಮ್ನೆ ನಿಂತಿದ್ದಾರೆ, ಅಡುಗೆಯೇ ಆಗಿಲ್ಲ.

ಹುಡುಗನ ಲ್ಯಾಪ್‌ಟಾಪಿನಲ್ಲಿ ಇದನ್ನೇ ಮಾಡಿದೆವು. ಸೋಗಾನೆ ರನ್‌ವೇ ಎದುರಿಗೆ 22 ತೋರಿಸುತ್ತಿತ್ತು. ರೆಸಲ್ಯೂಷನ್ ಇಳಿಸಿದೆವು. 23 ಆಯಿತು. “ಇಷ್ಟೇನಾ?” ಅಂದ. ಇಷ್ಟೇ. ಹಾಗಾದರೆ ಭಟ್ಟರೇ.

ಭಟ್ಟರ ಹೊರೆ ಹೆಚ್ಚಿಸುವವು ಯಾವುವು? ಮೊದಲನೆಯದು ದೂರದವರೆಗೆ ನೆಲವನ್ನು ವಿವರವಾಗಿ ತೋರಿಸುವ ಸೆಟ್ಟಿಂಗು. ಎಲ್‌ಒಡಿ ಅಂತ ಕರೆಯುತ್ತಾರೆ. ಇದು ಹೊರಗೆ ಪಾಪದ ಹಾಗೆ ಕಾಣುತ್ತದೆ. 100ರಿಂದ 200ಕ್ಕೆ ಎಳೆದರೆ ಎರಡು ಪಟ್ಟು ತಾನೆ ಅನ್ನಿಸುತ್ತದೆ. ಅಂಗಳದಲ್ಲಿ ಲಾಟೀನು ಹಿಡಿದು ನಿಂತಿದ್ದೀರಿ ಅಂದುಕೊಳ್ಳಿ. ಬೆಳಕು ಹತ್ತು ಅಡಿಯ ಬದಲು ಇಪ್ಪತ್ತು ಅಡಿ ದೂರ ಹೋದರೆ ಬೆಳಗುವ ಅಂಗಳ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟೂ ಜಾಗದ ಮನೆ, ಮರ, ಗುಡ್ಡ ಎಲ್ಲ ಭಟ್ಟರ ಲೆಕ್ಕಕ್ಕೆ ಬರುತ್ತವೆ. ಆಮೇಲೆ ನಿಲ್ದಾಣದಲ್ಲಿ ನಿಲ್ಲಿಸಿದ ಇತರ ವಿಮಾನಗಳು, ಓಡಾಡುವ ವಾಹನಗಳು, ಜನ. ಕಾಕ್‌ಪಿಟ್ಟಿನ ಟಿವಿಯಂಥ ಪರದೆಗಳೂ ಸೇರಿಕೊಳ್ಳುತ್ತವೆ. ಎಂಟು ಸಾವಿರ ಅಡಿ ಎತ್ತರದಲ್ಲಿ ಸಲೀಸಾಗಿ ಹೋಗುವ ವಿಮಾನ ಸರಿಯಾಗಿ ಇಳಿಯುವ ಹೊತ್ತಿಗೇ ಯಾಕೆ ತೊದಲುತ್ತದೆ ಅಂದರೆ, ನೆಲದ ಹತ್ತಿರ ಇವೆಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ.

ಎಲ್‌ಒಡಿ ಅರ್ಧಕ್ಕೆ ಇಳಿಸಿದೆವು. ನಿಂತ ವಿಮಾನಗಳನ್ನು ತೆಗೆದೆವು. ಸೋಗಾನೆಯಲ್ಲಿ ಅಷ್ಟೊಂದು ವಿಮಾನ ನಿಲ್ಲುವುದೂ ಇಲ್ಲ ಬಿಡಿ. ಫ್ರೇಮ್ 30 ದಾಟಿತು. ಅಲ್ಲಿಗೇ ಕಟ್ಟಿದೆವು.

“ಮೋಡ ಕಡಿಮೆ ಮಾಡೋದು ಬೇಡ್ವಾ ಮಾಮ?” ಅಂದ. ಬೇಡ. ಮೋಡದ ಕೆಲಸ ಬಡಿಸುವವರದು, ಅವರು ಹೇಗೂ ಖಾಲಿ ನಿಂತಿದ್ದರು. ಅವನ ಆಷಾಢದ ಮೋಡ ಹಾಗೇ ಉಳಿಯಿತು.

## ಬಡಿಸುವವರು ಬೆವರುವಾಗ

ಬೇರೆ ಕಂಪ್ಯೂಟರಿನಲ್ಲಿ ಇದು ತಿರುಗಾಮುರುಗಾ ಆಗಬಹುದು. ಆಗ ಮೊದಲು ಕೈ ಹಾಕಬೇಕಾದ್ದು ಮೋಡಕ್ಕೇ. ಹಳೆಯ ಸಿಮ್ಯುಲೇಟರುಗಳಲ್ಲಿ ಮೋಡ ಅಂದರೆ ಅಂಟಿಸಿದ ಚಿತ್ರ. ಈಗ ಅದು ಹೊಗೆಯ ಹಾಗೆ ಒಳಗೆ ತುಂಬಿಕೊಂಡಿರುತ್ತದೆ. ಪ್ರತಿ ಚುಕ್ಕೆಯಿಂದಲೂ ಮೋಡದೊಳಕ್ಕೆ ಒಂದು ದಾರ ಬಿಟ್ಟು, ಇಲ್ಲಿ ಎಷ್ಟು ದಟ್ಟ, ಇಲ್ಲಿ ಎಷ್ಟು ಬೆಳಕು ಅಂತ ಉದ್ದಕ್ಕೂ ಕೇಳುತ್ತ ಹೋಗಬೇಕು. ಆಗುಂಬೆ ಮೇಲಿನ ಮಳೆಗಾಲಕ್ಕೆ ಎಷ್ಟು ದಾರ ಬೇಕೋ ಲೆಕ್ಕ ಹಾಕಿ. ಅಲ್ಟ್ರಾದಿಂದ ಒಂದು ಮೆಟ್ಟಿಲು ಇಳಿಸಿದರೆ ವ್ಯತ್ಯಾಸ ಗುರುತಿಸುವುದು ಕಷ್ಟ, ಹೊರೆ ಮಾತ್ರ ಚೆನ್ನಾಗಿ ಇಳಿಯುತ್ತದೆ. ನೆರಳು, ನೀರಿನ ಪ್ರತಿಫಲನ ಕೂಡ ಇದೇ ಸಾಲಿನವು.

ಅಪ್‌ಸ್ಕೇಲಿಂಗ್ ಅಂತ ಇನ್ನೊಂದು ಉಪಾಯ ಇದೆ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಎಂಬ ಹೆಸರುಗಳು ಇದರವೇ. ಚಿತ್ರವನ್ನು ಚಿಕ್ಕದಾಗಿ ಬರೆದು, ಹೆಚ್ಚಾಗಿ ಹಿಂದಿನ ಫ್ರೇಮ್‌ಗಳ ಸಹಾಯದಿಂದ ಅಂದಾಜು ಮಾಡಿ ಹಿಗ್ಗಿಸುವುದು. ಸ್ಟುಡಿಯೋದವರು ಅಜ್ಜನ ಪಾಸ್‌ಪೋರ್ಟ್ ಫೋಟೋವನ್ನು ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿ ಮೀಸೆ ತಿದ್ದಿಕೊಡುತ್ತಾರಲ್ವಾ, ಹಾಗೆ. ಗುಡ್ಡ, ಆಕಾಶ ಚೆನ್ನಾಗೇ ಬರುತ್ತವೆ. ಕಾಕ್‌ಪಿಟ್ಟಿನಲ್ಲಿ ಓಡುವ ಸಣ್ಣ ಅಂಕಿಗಳು ಮಾತ್ರ ಕೆಲವೊಮ್ಮೆ ಬಾಲ ಬಿಟ್ಟಂತೆ ಕಲಸಿಕೊಳ್ಳುತ್ತವೆ. ಮೀಟರ್ ಓದಿ ಹಾರಿಸುವವರಿಗೆ ಅದು ಕಿರಿಕಿರಿ.

ಫ್ರೇಮ್ ಜನರೇಷನ್ ಬೇರೆ. ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿದ ಒಂದನ್ನು ತುರುಕುತ್ತದೆ. 20 ಇದ್ದದ್ದು 40 ಅಂತ ಕಾಣುತ್ತದೆ. ಕಣ್ಣಿಗೆ ಹಿತ. ಕೈಗೆ ಮಾತ್ರ 20ರದೇ ಅನುಭವ. ನಡುವಿನದನ್ನು ಮಾಡಲು ಮುಂದಿನ ಫ್ರೇಮ್ ಬರುವವರೆಗೆ ಕಾಯಬೇಕಾದ್ದರಿಂದ ಇನ್ನಷ್ಟು ತಡವೂ ಸೇರುತ್ತದೆ. ಕೊಡಚಾದ್ರಿ ಸುತ್ತ ಸುತ್ತಾಡಲು ಅಡ್ಡಿಯಿಲ್ಲ. ಅಡ್ಡಗಾಳಿಯಲ್ಲಿ ಇಳಿಸುವ ಅಭ್ಯಾಸಕ್ಕೆ ನಾನಂತೂ ಹಾಕುವುದಿಲ್ಲ.

## ಮಲೆನಾಡಿನ ಮನೆಯ ತಾಪತ್ರಯ

ಕಾಗದದ ಮೇಲಿನ ಲೆಕ್ಕ ಬೇರೆ, ಮಳೆಗಾಲದ ಮನೆ ಬೇರೆ. ಮೈಕ್ರೋಸಾಫ್ಟಿನ 2020ರ ಆವೃತ್ತಿ ನೆಲದ ಚಿತ್ರವನ್ನು ಹಾರುತ್ತ ಹಾರುತ್ತ ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಒಟ್ಟು ಮಾಹಿತಿ 2 ಪೆಟಾಬೈಟ್‌ಗೂ ಜಾಸ್ತಿ, ಅಂದರೆ 20 ಲಕ್ಷ ಜಿಬಿ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. 2024ರ ನವೆಂಬರಿನಲ್ಲಿ ಬಂದ ಆವೃತ್ತಿ ಇನ್ನೂ ಹೆಚ್ಚಿನದನ್ನು ಹೀಗೇ ತರಿಸುತ್ತದೆ. ಇಂಟರ್‌ನೆಟ್ ವೇಗ 2020ರದಕ್ಕೆ 20 ಎಂಬಿಪಿಎಸ್, 2024ರದಕ್ಕೆ 50 ಇದ್ದರೆ ಒಳ್ಳೆಯದು ಎನ್ನುತ್ತದೆ ಕಂಪನಿ. ತೀರ್ಥಹಳ್ಳಿ ಆಚೆಯ ಒಂಟಿ ಮನೆಯಲ್ಲಿ, ಕೇಬಲ್ ಮೇಲೆ ಮರ ಬಿದ್ದ ವಾರದಲ್ಲಿ, ಈ ಸಂಖ್ಯೆ ಕೇಳಿದರೆ ನಗು ಬರುತ್ತದೆ. ಅಂಥ ಕಡೆ ಎಕ್ಸ್-ಪ್ಲೇನ್ ಅನುಕೂಲ. ಬೇಕಾದ ಭಾಗದ ನೆಲವನ್ನು ಪೇಟೆಗೆ ಬಂದಾಗ ಒಮ್ಮೆ ಇಳಿಸಿಕೊಂಡರೆ ಆಯಿತು.

ಕರೆಂಟು ಹೋದಾಗ ಗೇಮಿಂಗ್ ಲ್ಯಾಪ್‌ಟಾಪು ಬಂದ್ ಆಗುವುದಿಲ್ಲ. ಆದರೆ ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ವಿದ್ಯುತ್ ಸಿಗದೆ ಫ್ರೇಮ್ ಧಡಕ್ಕನೆ ಇಳಿಯುತ್ತದೆ. ಬಿಸಿಯದ್ದೂ ಇದೇ ಪಾಡು. ಹಾಸಿಗೆ ಮೇಲಿಟ್ಟು ಗಾಳಿ ಕಿಂಡಿ ಮುಚ್ಚಿದರೆ ಹತ್ತು ನಿಮಿಷ ಚೆನ್ನಾಗಿ ಓಡಿ, ಕಾದ ಮೇಲೆ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಜಾಯ್‌ಸ್ಟಿಕ್ ಬಗ್ಗೆ ಎರಡು ಮಾತು. ಅಗ್ಗದ ಜಾಯ್‌ಸ್ಟಿಕ್ಕಿನೊಳಗೆ ಉಜ್ಜಿಕೊಂಡು ತಿರುಗುವ ಒಂದು ಭಾಗ ಇರುತ್ತದೆ. ಹಳೆ ರೇಡಿಯೋದ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತಲ್ಲ, ಅದೇ ಭಾಗ. ಧೂಳು, ತೇವ ಸೇರಿದರೆ ಮುಟ್ಟದಿದ್ದರೂ ವಿಮಾನ ನಡುಗುತ್ತದೆ. ಸೆಟ್ಟಿಂಗಿನಲ್ಲಿ ಡೆಡ್ ಝೋನ್ ಅಂತ ಇದೆ. ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಹೇಳುವುದು ಅದು. ಸ್ವಲ್ಪ ಹಾಕಿ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್‌ನದ್ದಾದರೆ ಉಜ್ಜಾಟವೇ ಇಲ್ಲ. ಕೀಬೋರ್ಡಿನಲ್ಲಿ ಹಾರಿಸುವ ಹುಡುಗನಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಒಂದು ಸಾಧಾರಣ ಜಾಯ್‌ಸ್ಟಿಕ್ ಕೊಡಿಸುವುದು ಮೇಲು ಅಂತ ನನ್ನ ಅನಿಸಿಕೆ.

## ಇವತ್ತು ಎಲ್ಲಿಗೆ ಪಯಣ?

ಹಾಗಾದರೆ ಯಾವ ಕಂಪ್ಯೂಟರ್? ಮೈಕ್ರೋಸಾಫ್ಟಿನ 2020ರದಕ್ಕೆ 16 ಜಿಬಿ ರ‍್ಯಾಮ್, 2024ರದಕ್ಕೆ 32 ಜಿಬಿ ಇಟ್ಟುಕೊಳ್ಳಿ. ಎಚ್‌ಡಿ ಪರದೆಯೇ ಇರಲಿ, 4ಕೆ ಬೇಡ. ದುಡ್ಡು ಉಳಿದರೆ ಮೊದಲು ಚುರುಕಾದ ಸಿಪಿಯು, ಆಮೇಲೆ ವಿರ‍್ಯಾಮ್ ಹೆಚ್ಚಿರುವ ಕಾರ್ಡು. ಹಳೆ ಲ್ಯಾಪ್‌ಟಾಪ್ ಒಂದೇ ಇದೆ ಅನ್ನುವವರು ಫ್ಲೈಟ್‌ಗಿಯರ್ ಹಾಕಿ ನೋಡಿ. ಚಿತ್ರ ಸಪ್ಪೆ, ಆದರೆ ಲಿಂಕ್ ಮಹಾಶಯನ ಮುಚ್ಚಳ ಹಾಕಿದ ಪೆಟ್ಟಿಗೆಗಿಂತ ಎಷ್ಟೋ ಪಾಲು ಮೇಲು.

ಇನ್ನು ಸೆಟ್ಟಿಂಗು. ಒಂದು ಸಲ ಹಾಕಿ ಮರೆತುಬಿಡುವಂಥದ್ದಲ್ಲ ಅದು. ಮಂಜಿನಲ್ಲಿ ಮೀಟರ್ ನೋಡಿಕೊಂಡು ಸೋಗಾನೆಗೆ ಇಳಿಯುವಾಗ ದೂರದ ಮರ ಹೇಗೂ ಕಾಣುವುದಿಲ್ಲ. ಕಾಣದ ಮರಕ್ಕೆ ಭಟ್ಟರನ್ನು ಯಾಕೆ ದುಡಿಸಬೇಕು? ಬಿಸಿಲಿನ ದಿನ ಕೂಡ್ಲಿಯಲ್ಲಿ ತುಂಗಾ ಭದ್ರೆಯರು ಸೇರುವುದನ್ನು ನೋಡಿ, ಹಾಗೇ ಜೋಗಕ್ಕೆ ಹೋಗುವುದಾದರೆ ಕಾಕ್‌ಪಿಟ್ಟಿನ ಪರದೆಗಳು ನಿಧಾನವಾಗಲಿ, ಎಲ್‌ಒಡಿ ದೂರ ಹೋಗಲಿ, ಫ್ರೇಮ್ 25ಕ್ಕೆ ಬಂದರೂ ಚಿಂತೆಯಿಲ್ಲ.

ಆ ಸಂಜೆ ಹುಡುಗ ಮತ್ತೆ ಇಳಿಸಿದ. ಮೋಡದಿಂದ ಹೊರಗೆ ಬಂದಾಗ ರನ್‌ವೇ ಸ್ವಲ್ಪ ಎಡಕ್ಕಿತ್ತು. ತಿದ್ದಿಕೊಂಡ. ಚಕ್ರ ಎರಡು ಸಲ ಕುಪ್ಪಳಿಸಿ ನಿಂತಿತು. ಕಾಫಿ ತಂದ ಅಕ್ಕ ಪರದೆ ಕಡೆ ಬಗ್ಗಿ ನೋಡಿದರು.

“ಆಚೆ ಗುಡ್ಡದ ಮರ ಎಲ್ಲ ಎಂಥಕ್ಕೋ ಬೋಳಾಗಿದ್ಯಲ್ಲೋ?”

“ಇದು ಸೋಗಾನೆದು ಅಮ್ಮ. ಮರ ಇರೋದು ಜೋಗದ್ದರಲ್ಲಿ” ಅಂದ ಅವನು. ಭೌತಶಾಸ್ತ್ರದ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು, ನಡುವೆ ಗೆರೆ ಎಳೆದು, ಎಡಗಡೆ ‘ಸೋಗಾನೆ’, ಬಲಗಡೆ ‘ಜೋಗ’ ಅಂತ ಬರೆದು, ಕೆಳಗೆ ಒಂದೊಂದೇ ಅಂಕಿ ಇಳಿಸಿಕೊಳ್ಳತೊಡಗಿದ.